ಪೆಕಮ್‌ನ ಪಬ್ಬಿನಲ್ಲಿ ಮುದ್ದೆಯ ನೆಂಟರು

ಕಳೆದ ಸಂಚಿಕೆಯ ಈ ಅಂಕಣದಲ್ಲಿ, ಆಗ್ನೇಯ ಲಂಡನ್ನಿನ ಪೆಕಮ್ ಬಡಾವಣೆಯ ಹಳೆಯ ಪಬ್ಬೊಂದರಲ್ಲಿ ನೈಜೀರಿಯಾದ ಊಟ ಮಾಡಿ ಬಂದ ಸಂಗತಿಯನ್ನು ನಾಲ್ಕೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೆ. ಆ ನಾಲ್ಕು ಸಾಲಿಗೆ ಬಂದ ಪತ್ರಗಳು ಈ ತಿಂಗಳ ಉಳಿದೆಲ್ಲ ಪತ್ರಗಳಿಗಿಂತ ಹೆಚ್ಚಾದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಬಿಟ್ಟುಕೊಟ್ಟಿದ್ದೇನೆ. ಪಬ್ಬಿನ ಹೆಸರು ಕೇಳಿದವರು ಕ್ಷಮಿಸಬೇಕು. ಇಂಥ ಅಡುಗೆಯವರು ಅನೇಕರು ಪಬ್ಬಿನ ಅಡುಗೆಮನೆಯನ್ನು ಕೆಲವು ತಿಂಗಳ ಮಟ್ಟಿಗೆ ಹಿಡಿದು ನಡೆಸಿ, ಆಮೇಲೆ ಪಕ್ಕದ ಬೀದಿಗೋ ಪಕ್ಕದ ಬಡಾವಣೆಗೋ ಹೋಗಿಬಿಡುತ್ತಾರೆ. ಪತ್ರಿಕೆ ನಿಮ್ಮ ಕೈಸೇರುವ ಹೊತ್ತಿಗೆ ಅದೇ ಒಲೆಯ ಮೇಲೆ ಪಿಜ್ಜಾ ಬೇಯುತ್ತಿದ್ದರೂ ಆಶ್ಚರ್ಯವಿಲ್ಲ.

ಪ್ರಶ್ನೆ: ನಾವು ಮಂಡ್ಯದ ಕಡೆಯವರು. ಎರಡು ವರ್ಷದಿಂದ ಪೆಕಮ್ ರೈ ರೈಲು ನಿಲ್ದಾಣದ ಹತ್ತಿರ ಬಾಡಿಗೆ ಮನೆಯಲ್ಲಿದ್ದೇವೆ. ನಮ್ಮ ಬೀದಿಯ ತಿರುವಿನಲ್ಲಿರುವ ಪಬ್ಬಿನ ಬಾಗಿಲಿಗೆ ಈಚೆಗೆ ಪಶ್ಚಿಮ ಆಫ್ರಿಕಾದ ಊಟ ಸಿಗುತ್ತದೆಂಬ ಹಲಗೆ ಬಂದಿದೆ. ನಾನು ಕುಡಿಯುವವಳಲ್ಲ, ಒಂಬತ್ತು ವರ್ಷದ ಮಗಳೂ ಇದ್ದಾಳೆ. ಸಂಸಾರ ಸಮೇತ ಅಲ್ಲಿಗೆ ಹೋಗಬಹುದೇ? ಒಳಗೆ ಹೋದ ಮೇಲೆ ಹೇಗೆ ನಡೆದುಕೊಳ್ಳಬೇಕು?

ಉತ್ತರ: ಧಾರಾಳವಾಗಿ ಹೋಗಬಹುದು. ಆದರೆ ನಮ್ಮೂರಿನ 'ಬಾರ್ ಅಂಡ್ ರೆಸ್ಟೋರೆಂಟ್'ನ ಮಬ್ಬು ಬೆಳಕು, ಪರದೆ ಹಾಕಿದ 'ಫ್ಯಾಮಿಲಿ ರೂಮ್', ಇವೆಲ್ಲದರ ನೆನಪನ್ನು ಹೊಸ್ತಿಲಿನಾಚೆ ಬಿಟ್ಟು ಒಳಗೆ ಹೋಗಬೇಕು. ಬಡಾವಣೆಯ ಪಬ್ಬೆಂದರೆ ಅಲ್ಲಿಯವರಿಗೆ ಅರ್ಧ ಹೋಟೆಲು, ಅರ್ಧ ಊರ ಅರಳಿಕಟ್ಟೆ. ಬರಿಯ ನಿಂಬೆಸೋಡ ಹಿಡಿದು ಎರಡು ಗಂಟೆ ಕೂತರೂ ಯಾರೂ ಹುಬ್ಬೇರಿಸುವುದಿಲ್ಲ. ದೊಡ್ಡವರ ಜೊತೆಯಲ್ಲಿ ಮಕ್ಕಳು ಬರುವುದಕ್ಕೆ ಇಂಗ್ಲೆಂಡಿನ 2003ರ ಪರವಾನಗಿ ಕಾಯ್ದೆಯ ಅಡ್ಡಿಯಿಲ್ಲ. ಆದರೂ ಸಂಜೆ ಇಂತಿಷ್ಟು ಹೊತ್ತಿನ ಮೇಲೆ ಮಕ್ಕಳನ್ನು ಬಿಡುವುದಿಲ್ಲವೆಂಬ ನಿಯಮವನ್ನು ಅನೇಕ ಪಬ್ಬುಗಳು ತಾವೇ ಮಾಡಿಕೊಂಡಿರುವುದರಿಂದ, ಮೊದಲೇ ಒಂದು ಫೋನ್ ಮಾಡಿ ಕೇಳಿಕೊಳ್ಳುವುದು ಒಳ್ಳೆಯದು. ಅದೇ ಫೋನಿನಲ್ಲಿ ಅಡುಗೆಮನೆ ಎಷ್ಟು ಹೊತ್ತಿಗೆ ಮುಚ್ಚುತ್ತದೆಂದೂ ಕೇಳಿ. ಬಾರು ರಾತ್ರಿ ಹನ್ನೊಂದರವರೆಗೆ ತೆರೆದಿದ್ದರೂ ಒಲೆ ಬಹಳ ಮೊದಲೇ ಆರಿರುತ್ತದೆ, ಎಷ್ಟೋ ಕಡೆ ಮಧ್ಯಾಹ್ನದ ಊಟಕ್ಕೂ ರಾತ್ರಿಯ ಊಟಕ್ಕೂ ನಡುವೆ ಅಡುಗೆಯವರು ವಿರಾಮ ತೆಗೆದುಕೊಳ್ಳುತ್ತಾರೆ.

ಒಳಗೆ ಹೋದವರು ಮಾಣಿ ಬಂದು ಕೇಳಲೆಂದು ಕಾಯುತ್ತ ಕೂತರೆ ಹಸಿದುಕೊಂಡೇ ಮನೆಗೆ ಮರಳಬೇಕಾದೀತು. ಖಾಲಿ ಮೇಜು ಹಿಡಿದು, ಅದರ ಮೇಲಿನ ಅಂಕಿಯನ್ನು ನೆನಪಿಟ್ಟುಕೊಂಡು, ಒಬ್ಬರು ಕೌಂಟರಿಗೆ ಹೋಗಿ ಊಟವನ್ನೂ ಪಾನೀಯವನ್ನೂ ಹೇಳಿ ಅಲ್ಲೇ ಹಣ ಕೊಟ್ಟು ಬರುವುದು ಹೆಚ್ಚಿನ ಪಬ್ಬುಗಳ ಪದ್ಧತಿ. ಕೌಂಟರಿನ ಮುಂದೆ ಸಾಲು ಕಾಣಿಸುವುದಿಲ್ಲ. ಆದರೆ ಯಾರ ನಂತರ ಯಾರು ಬಂದರೆಂಬ ಲೆಕ್ಕ ಆಚೆ ನಿಂತವರ ತಲೆಯಲ್ಲಿ ಇರುತ್ತದೆ. ಆದ್ದರಿಂದ ಕೈಬೀಸುವುದು, ನೋಟು ತೋರಿಸುವುದು ಬೇಡ, ಕಣ್ಣು ಸೇರಿಸಿದರೆ ಸಾಕು. ಕೌಂಟರಿನಲ್ಲಿ ಕೊಂಡಾಗ ಟಿಪ್ಸ್ ಕೊಡಬೇಕಾಗಿಲ್ಲ. ಬಿಲ್ಲಿನಲ್ಲಿ ಸೇವಾಶುಲ್ಕ ಸೇರಿಸಿದ್ದು, ಅದು ಐಚ್ಛಿಕವೆಂದು ಬರೆದಿದ್ದರೆ, ಬೇಡವೆನ್ನುವ ಹಕ್ಕು ನಿಮ್ಮದು. ಕೊಡುವುದಾದರೆ, 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಕಾನೂನಿನ ಪ್ರಕಾರ ಆ ಹಣವನ್ನು ಮಾಲೀಕರು ಇಟ್ಟುಕೊಳ್ಳದೆ ಕೆಲಸಗಾರರಿಗೇ ಹಂಚಬೇಕು.

ನಾನು ಹೋದದ್ದು ಒಂದು ಭಾನುವಾರದ ಮಧ್ಯಾಹ್ನ. ಸವೆದ ಕೆಂಪು ಕಾರ್ಪೆಟ್ಟು, ಶಬ್ದವಿಲ್ಲದೆ ಫುಟ್‌ಬಾಲ್ ತೋರಿಸುತ್ತಿದ್ದ ಟೀವಿ, ಕಿಟಕಿಯ ಪಕ್ಕದಲ್ಲಿ ಅರ್ಧ ಪೈಂಟ್ ಬಿಯರನ್ನು ಅಕ್ಷರಶಃ ಗುಟುಕು ಗುಟುಕಾಗಿ ಕುಡಿಯುತ್ತ ಪೇಪರು ಓದುತ್ತಿದ್ದ ಮುದುಕರು. ಇಷ್ಟರಲ್ಲಿ ಅಡುಗೆಮನೆಯ ಕಂಡಿಯಿಂದ ಬಿಸಿಯೆಣ್ಣೆಗೆ ಬಿದ್ದ ಮೆಣಸಿನಕಾಯಿಯ ಘಾಟು ಬಂತು, ನಮ್ಮ ಮನೆಯ ಒಗ್ಗರಣೆಯ ಘಾಟಿನಂಥದ್ದೇ. ಆ ಮುದುಕರು ಎರಡು ಸಲ ಸೀನಿ, ಪೇಪರಿನ ಪುಟ ತಿರುವಿ ಓದು ಮುಂದುವರಿಸಿದರು. ನಾನು ಬಂದದ್ದು ಸರಿಯಾದ ಜಾಗಕ್ಕೇ ಎಂದು ನನಗೆ ಆಗ ಅನ್ನಿಸಿತು.

ಪ್ರಶ್ನೆ: ಆಫ್ರಿಕಾದ ಹೋಟೆಲುಗಳ ಪಟ್ಟಿಯಲ್ಲಿ 'ಸ್ವಾಲೋ' ಎಂದು ಒಂದು ವಿಭಾಗವೇ ಇರುತ್ತದೆ. ಅದು ನಮ್ಮ ಮುದ್ದೆಯೇ ಎಂದು ಸ್ನೇಹಿತರು ಹೇಳುತ್ತಾರೆ. ಹೌದೇ? ಪಬ್ಬಿನಲ್ಲಿ ಕೂತು ಕೈಯಲ್ಲಿ ತಿಂದರೆ ಅಸಹ್ಯವಾಗುವುದಿಲ್ಲವೇ? (ಹಾಸನದ ಓದುಗರು)

ಉತ್ತರ: ನಿಮ್ಮ ಸ್ನೇಹಿತರು ಮುಕ್ಕಾಲು ಪಾಲು ಸರಿ. ಸ್ವಾಲೋ ಎಂದರೆ ನುಂಗುವುದು ಎಂದರ್ಥ. ಹಿಟ್ಟನ್ನೋ ಬೇಯಿಸಿದ ಗೆಡ್ಡೆಯನ್ನೋ ಕುಟ್ಟಿ, ಕಲಸಿ, ತಿರುವಿ ಮಾಡುವ ಎಲ್ಲ ಬಗೆಯ ಮುದ್ದೆಗಳಿಗೂ ನೈಜೀರಿಯಾದವರು ಒಟ್ಟಾಗಿ ಇಟ್ಟುಕೊಂಡಿರುವ ಇಂಗ್ಲಿಷ್ ಹೆಸರದು. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂದು ಹಾಸನದಲ್ಲಿ ಮಕ್ಕಳಿಗೆ ಹೇಳಿಕೊಡುವ ಮೊದಲ ಪಾಠವನ್ನು ಲೇಗೋಸಿನವರು ಪದಾರ್ಥದ ಹೆಸರಿನಲ್ಲೇ ಇಟ್ಟಿದ್ದಾರೆ.

ಬಗೆಗಳು ಹಲವು. ಮರಗೆಣಸನ್ನು ತುರಿದು, ಹುಳಿಬರಿಸಿ, ಹಿಂಡಿ, ಹುರಿದು ಮಾಡಿದ ಗ್ಯಾರಿ ಎಂಬ ರವೆಯನ್ನು ಬಿಸಿನೀರಿನಲ್ಲಿ ಕಲಸಿದರೆ ಎಬಾ. ಯಾಮ್ ಎಂಬ ದೊಡ್ಡ ಗೆಡ್ಡೆಯನ್ನು ಬೇಯಿಸಿ ಒರಳಿನಲ್ಲಿ ಕುಟ್ಟಿದರೆ ಬೆಳ್ಳಗೆ ನುಣ್ಣಗೆ ಬರುವುದು ಪೌಂಡೆಡ್ ಯಾಮ್, ನೈಜೀರಿಯಾದ ಯೊರುಬಾ ಮಾತಿನಲ್ಲಿ ಇಯಾನ್. ಈ ಯಾಮನ್ನು ನಮ್ಮ ಸುವರ್ಣಗೆಡ್ಡೆಯೆಂದು ತಿಳಿಯಬೇಡಿ, ಜಾತಿಯೇ ಬೇರೆ. ಅದೇ ಯಾಮನ್ನು ಒಣಗಿಸಿ ಹಿಟ್ಟು ಮಾಡಿ, ಕುದಿಯುವ ನೀರಿಗೆ ಸುರಿದು, ಮರದ ಕೋಲಿನಿಂದ ತಿರುವಿದರೆ ಬರುವುದು ಅಮಲಾ. ಈ ಅಮಲಾವನ್ನು ನೋಡಿದಾಗ ನೀವು ಬೆಚ್ಚಿಬೀಳುತ್ತೀರಿ, ಏಕೆಂದರೆ ಬಣ್ಣ ಥೇಟ್ ರಾಗಿಮುದ್ದೆಯದೇ. ಮಾಡುವ ಕ್ರಮವೂ, ಕೋಲನ್ನು ಒತ್ತಿ ಗಂಟು ಒಡೆಯುವ ರೀತಿಯೂ ಅದೇ. ಘಾನಾದವರ ಬಾಂಕು ಮೆಕ್ಕೆಜೋಳ ಮತ್ತು ಮರಗೆಣಸಿನ ಹಿಟ್ಟನ್ನು ಹುಳಿಬರಿಸಿ ಮಾಡಿದ್ದು. ಹುಳಿ ಬೇಡದವರು ಅದನ್ನು ಮೊದಲ ದಿನವೇ ತರಿಸಿಕೊಳ್ಳಬಾರದು.

ಉಳಿದ ಕಾಲು ಪಾಲು ವ್ಯತ್ಯಾಸವಿರುವುದು ಅಂಟಿನಲ್ಲಿ. ರಾಗಿಮುದ್ದೆ ಮುರಿದರೆ ಮುರಿಯುತ್ತದೆ, ಇವು ಎಳೆದರೆ ಎಳೆದಷ್ಟು ಬರುತ್ತವೆ. ನನ್ನ ಮೇಜಿಗೆ ಬಂದ ಎಬಾ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿದ್ದ, ತಿಳಿಹಳದಿಯ ಒಂದು ಉಂಡೆ. ಹಾಳೆಯ ಒಳಮೈಗೆಲ್ಲ ಹಬೆಯ ಹನಿ ಕಟ್ಟಿತ್ತು. ಆರಿದರೆ ಮೇಲೆ ಸಿಪ್ಪೆಗಟ್ಟುತ್ತದೆಂದು ಹಾಗೆ ಸುತ್ತುತ್ತಾರೆ. ಬಿಚ್ಚಿದ ಮೇಲೆ, ಜೊತೆಯಲ್ಲಿಟ್ಟ ಬಟ್ಟಲಿನ ನೀರಿನಲ್ಲಿ ಬಲಗೈ ತೊಳೆದು, ನಿಂಬೆಗಾತ್ರದ ತುಂಡು ಕಿತ್ತು, ಅಂಗೈಗೆ ತಾಕಿಸದೆ ಬೆರಳ ತುದಿಯಲ್ಲೇ ಉರುಟು ಮಾಡಿ, ಹೆಬ್ಬೆರಳಿನಿಂದ ಒಂದು ಗುಳಿ ಒತ್ತಿ, ಆ ಗುಳಿಯಲ್ಲಿ ಸಾರನ್ನು ತುಂಬಿಕೊಂಡು ನುಂಗಬೇಕು. ಪಕ್ಕದ ಮೇಜಿನಲ್ಲಿದ್ದ ಹಿರಿಯ ಹೆಂಗಸೊಬ್ಬರು ನನ್ನ ಕೈಯನ್ನೇ ನೋಡುತ್ತಿದ್ದು, ನಾನು ನುಂಗಿದ ಮೇಲೆ ತಮ್ಮ ಗಂಡನಿಗೆ ಏನೋ ಹೇಳಿ ತಲೆದೂಗಿದರು. ಮೂವತ್ತು ವರ್ಷದ ಮುದ್ದೆಯ ಅಭ್ಯಾಸ ಆ ದಿನ ಪರದೇಶದಲ್ಲಿ ನನ್ನ ಮಾನ ಉಳಿಸಿತು. ಅಸಹ್ಯದ ಮಾತು ಬಿಡಿ. ಅಲ್ಲಿ ಎಬಾವನ್ನು ಚಮಚದಲ್ಲಿ ಕೊರೆದು ತಿನ್ನುವವರೇ ನಗೆಗೀಡಾಗುವುದು.

ಪ್ರಸಂಗ ಬಂದದ್ದರಿಂದ ಹೇಳುತ್ತೇನೆ. ನಮ್ಮದೇ ಎಂದು ನಾವು ಬೀಗುವ ರಾಗಿಯೂ ಮೂಲತಃ ಪೂರ್ವ ಆಫ್ರಿಕಾದ ಎತ್ತರದ ನಾಡಿನ ಬೆಳೆ. ಜೋಳ, ಸಜ್ಜೆ, ಅಲಸಂದೆಗಳೂ ಆ ಖಂಡದಿಂದಲೇ ಸಾವಿರಾರು ವರ್ಷಗಳ ಹಿಂದೆ ಕಡಲು ದಾಟಿ ನಮ್ಮ ಹೊಲಕ್ಕೆ ಬಂದವು. ಮುದ್ದೆಗಳ ಈ ನೆಂಟಸ್ತನ ಬರಿಯ ಹೋಲಿಕೆಯದಲ್ಲ.

ಪ್ರಶ್ನೆ: ನಾವು ಧಾರವಾಡದವರು, ಈಗ ಕ್ರಾಯ್ಡನ್‌ನಲ್ಲಿದ್ದೇವೆ. ಮನೆಯಲ್ಲಿ ಎಲ್ಲರೂ ಶುದ್ಧ ಸಸ್ಯಾಹಾರಿಗಳು, ಮೊಟ್ಟೆಯನ್ನೂ ತಿನ್ನುವುದಿಲ್ಲ. ಇಂಥ ಕಡೆ ನಮಗೆ ಏನಾದರೂ ಸಿಗುತ್ತದೆಯೇ, ಅಥವಾ ಆಸೆ ಬಿಡಬೇಕೇ?

ಉತ್ತರ: ಆಸೆ ಬಿಡಬೇಡಿ, ಆದರೆ ಹೆಸರನ್ನು ನಂಬಬೇಡಿ. ಈ ಪಾಠವನ್ನು ನಾನು ಕಲಿತದ್ದು ಬೇರೊಂದು ಪಬ್ಬಿನಲ್ಲಿ. ಸಸ್ಯಾಹಾರಿ ಸ್ನೇಹಿತರನ್ನು ಕರೆದುಕೊಂಡು ಹೋಗಿದ್ದೆ. ಪಟ್ಟಿಯಲ್ಲಿ ಎಫೋ ರೀರೋ ಎಂದಿತ್ತು, ಕೆಳಗೆ ಸಣ್ಣ ಅಕ್ಷರದಲ್ಲಿ ಸೊಪ್ಪು, ಟೊಮ್ಯಾಟೊ, ಕೆಂಪು ಮೆಣಸು ಎಂದು ಬರೆದಿತ್ತು. ಸೊಪ್ಪಿನ ಪಲ್ಯವಲ್ಲವೇ ಎಂದುಕೊಂಡು, ವಿಚಾರಿಸದೆ ಹೇಳಿಬಿಟ್ಟೆ. ಬಂದ ಬಟ್ಟಲಿನಲ್ಲಿ ಮೇಲೆ ತಾಳೆಯೆಣ್ಣೆಯ ಕಿತ್ತಳೆ ಬಣ್ಣದ ಉಂಗುರ, ಕೆಳಗೆ ಮಸಿಹಸಿರಿನ ಸೊಪ್ಪು. ನೋಡುವುದಕ್ಕೆ ಎಷ್ಟು ಚೆನ್ನಾಗಿತ್ತೆಂದರೆ ಸ್ನೇಹಿತರು ಚಮಚ ಎತ್ತಿಯೇಬಿಟ್ಟಿದ್ದರು. ಮೂಗಿಗೆ ಬಂದ ವಾಸನೆ ಮಾತ್ರ ಮಲ್ಪೆಯ ಬಂದರಿನದು. ಸೊಪ್ಪನ್ನು ಸರಿಸಿ ನೋಡಿದರೆ ಹೊಗೆಯಲ್ಲಿ ಒಣಗಿಸಿದ ಮೀನಿನ ಚೂರುಗಳು ಕಂಡವು. ತಪ್ಪು ಅಡುಗೆಯವರದ್ದಲ್ಲ. ಅವರ ಲೆಕ್ಕದಲ್ಲಿ ಒಣಮೀನು, ಒಣಸೀಗಡಿಯ ಪುಡಿ, ಇವು ಮಾಂಸವಲ್ಲ, ರುಚಿಗೆ ಹಾಕುವ ಸಾಮಾನು. ನಮ್ಮಲ್ಲಿ ಸಾರಿಗೆ ಇಂಗು ಹಾಕಿದ್ದನ್ನು ಯಾರಾದರೂ ಬಂದವರಿಗೆ ಬಿಡಿಸಿ ಹೇಳುತ್ತಾರೆಯೇ?

ಆದ್ದರಿಂದ ಸಸ್ಯಾಹಾರವೇ ಎಂದು ಕೇಳಿದರೆ ಸಾಲದು. ಕೇಳಬೇಕಾದ ಪ್ರಶ್ನೆಗಳು ಮೂರು. ಮೊದಲನೆಯದು, ಇದರಲ್ಲಿ ಕ್ರೇಫಿಶ್ ಇದೆಯೇ? ಪಶ್ಚಿಮ ಆಫ್ರಿಕಾದ ಅಡುಗೆಯಲ್ಲಿ ಆ ಮಾತಿಗೆ ಒಣಸೀಗಡಿಯ ಪುಡಿ ಎಂದೇ ಅರ್ಥ. ಎರಡನೆಯದು, ಒಣಮೀನು ಅಥವಾ ಸ್ಟಾಕ್‌ಫಿಶ್ ಇದೆಯೇ? ನಾರ್ವೆಯ ಚಳಿಗಾಳಿಯಲ್ಲಿ ಒಣಗಿಸಿದ, ಸೌದೆಯಷ್ಟು ಗಟ್ಟಿಯಾದ ಕಾಡ್ ಮೀನಿನ ದೊಡ್ಡ ಗಿರಾಕಿ ನೈಜೀರಿಯಾ. ಮೂರನೆಯದು, ನೀರಿನ ಬದಲು ಮಾಂಸದ ಸಾರು, ಅಥವಾ ಕೋಳಿಯ ಸಾರದ ಬಿಲ್ಲೆ ಹಾಕಿದ್ದೀರಾ? ಈ ಬಿಲ್ಲೆಗೆ ಅಲ್ಲಿ ಬಾಯಿಮಾತಿನಲ್ಲಿ ಮ್ಯಾಗಿ ಎಂದೇ ಹೆಸರು. ಅಡುಗೆಯವರು "ಸ್ವಲ್ಪ ಮ್ಯಾಗಿ ಹಾಕಿದ್ದೇನೆ" ಎಂದರೆ ಎರಡು ನಿಮಿಷದ ನೂಡಲ್ಸ್ ನೆನೆದು ಒಪ್ಪಿಕೊಳ್ಳಬೇಡಿ.

ಕಾನೂನಿನ ಆಸರೆಯೂ ಇದೆ, ಆದರೆ ಅರ್ಧದಷ್ಟೇ. ಬ್ರಿಟನ್ನಿನಲ್ಲಿ ಊಟ ಮಾರುವವರೆಲ್ಲರೂ ಅಲರ್ಜಿ ತರುವ 14 ಪದಾರ್ಥಗಳಲ್ಲಿ ಯಾವುದು ಯಾವ ಅಡುಗೆಯಲ್ಲಿದೆಯೆಂದು ಗಿರಾಕಿಗೆ ತಿಳಿಸಲೇಬೇಕು. ಮೀನು, ಸೀಗಡಿ-ಏಡಿಯಂಥವು, ಮೊಟ್ಟೆ, ಹಾಲು, ಕಡಲೆಕಾಯಿ ಎಲ್ಲವೂ ಆ ಹದಿನಾಲ್ಕರಲ್ಲಿವೆ. ಪಬ್ಬಿನವರ ಬಳಿ ಆ ಪಟ್ಟಿಯನ್ನು ಕೇಳಿ ನೋಡಿದರೆ ನಿಮ್ಮ ಮೊದಲ ಎರಡು ಪ್ರಶ್ನೆಗೆ ಉತ್ತರ ಸಿಕ್ಕಿತು. ಕೋಳಿ, ಕುರಿ, ದನದ ಮಾಂಸ ಆ ಪಟ್ಟಿಯಲ್ಲಿಲ್ಲದ ಕಾರಣ ಮೂರನೆಯದನ್ನು ಮಾತ್ರ ಬಾಯಿಬಿಟ್ಟು ಕೇಳಲೇಬೇಕು.

ಇನ್ನು ತಿನ್ನುವುದಕ್ಕೆ ಏನಿದೆ ಎಂದರೆ, ಅಕರಾದಿಂದ ಶುರುಮಾಡಿ. ಅಲಸಂದೆಯನ್ನು ನೆನೆಸಿ, ಸಿಪ್ಪೆ ತೆಗೆದು, ಈರುಳ್ಳಿ ಮೆಣಸಿನಕಾಯಿ ಸೇರಿಸಿ ರುಬ್ಬಿ, ಹಿಟ್ಟಿಗೆ ಗಾಳಿ ತುಂಬುವಷ್ಟು ಹೊಡೆದು ಕರಿದ ವಡೆಯಿದು. ತೂತಿಲ್ಲದ ಉದ್ದಿನವಡೆಯ ಅಣ್ಣನೆನ್ನಬಹುದು. ಗುಲಾಮರಾಗಿ ಹಡಗೇರಿದವರ ಜೊತೆಗೆ ಬ್ರೆಜಿಲ್ಲಿನ ಬಯೀಯಾ ಪ್ರಾಂತ್ಯ ಸೇರಿದ ಇದೇ ವಡೆ ಅಲ್ಲಿ ಅಕರಾಜೆ ಎಂಬ ಹೆಸರಿನಲ್ಲಿ ಇಂದಿಗೂ ಬೀದಿಯಲ್ಲಿ ಮಾರಾಟವಾಗುತ್ತದೆ. ಅದೇ ಹಿಟ್ಟನ್ನು ಹಬೆಯಲ್ಲಿ ಬೇಯಿಸಿದರೆ ಮೊಯಿನ್ ಮೊಯಿನ್, ಆದರೆ ಅದರ ಹೊಟ್ಟೆಯಲ್ಲಿ ಮೊಟ್ಟೆಯನ್ನೋ ಮೀನನ್ನೋ ಹುದುಗಿಸಿರುತ್ತಾರಾದ್ದರಿಂದ ನಿಮಗೆ ಹೇಳಿಮಾಡಿಸಿದ್ದಲ್ಲ. ಮಾಗಿದ ನೇಂದ್ರಬಾಳೆಯಂಥ ಹಣ್ಣನ್ನು ಹೆಚ್ಚಿ ಕರಿದ ಡೋಡೋ, ಅದನ್ನೇ ಶುಂಠಿ-ಮೆಣಸಿನಲ್ಲಿ ಹೊರಳಿಸಿ ಕರಿದ ಘಾನಾದ ಕೆಲೆವೆಲೆ, ಇವೆರಡೂ ನಿಶ್ಚಿಂತೆಯ ತಿಂಡಿಗಳು, ಒಂದೇ ಬಾಣಲೆಯಲ್ಲಿ ಮೀನನ್ನೂ ಕರಿಯುತ್ತಾರೆಯೇ ಎಂದು ಕೇಳಿಕೊಂಡರಾಯಿತು. ಹೊಟ್ಟೆತುಂಬ ಊಟಕ್ಕೆ ರೆಡ್ ರೆಡ್ ಇದೆ. ಅಲಸಂದೆಕಾಳನ್ನು ಕೆಂಪು ತಾಳೆಯೆಣ್ಣೆ ಮತ್ತು ಟೊಮ್ಯಾಟೊದಲ್ಲಿ ಬೇಯಿಸಿ, ಕರಿದ ಬಾಳೆಯ ಜೊತೆ ಕೊಡುವ ಘಾನಾದ ಅಡುಗೆಯಿದು. ಮೀನು ಹಾಕದ ರೆಡ್ ರೆಡ್ ಸಿಕ್ಕ ದಿನ ಅಲಸಂದೆಕಾಳಿನ ಹುಳಿಗೆ ನೀವು ಮರುಗುವುದಿಲ್ಲ. ಎಗುಸಿ ಎಂಬ, ಕಲ್ಲಂಗಡಿಯ ಸಂಬಂಧಿಯ ಬೀಜವನ್ನು ಪುಡಿಮಾಡಿ ಮಾಡುವ ಗಟ್ಟಿಸಾರನ್ನು ಬರಿಯ ಸೊಪ್ಪು, ಅಣಬೆ ಹಾಕಿ ಮಾಡಿಕೊಡುವವರು ಲಂಡನ್ನಿನಲ್ಲಿ ಈಗ ಸಿಗುತ್ತಾರೆ. ಹುರಿಗಡಲೆ-ಕೊಬ್ಬರಿ ರುಬ್ಬಿ ಹಾಕಿದ ಕೂಟಿನಂತೆ ಅದರ ಮೈ. ಅದರಲ್ಲಿ ಕೆಲವರು ಇರು ಎಂಬ, ಹುಳಿಬರಿಸಿದ ಒಂದು ಮರದ ಬೀಜವನ್ನು ಹಾಕುತ್ತಾರೆ. ವಾಸನೆ ತೀರಾ ಕಟುವಾದರೂ ಅದು ಗಿಡದಿಂದ ಬಂದದ್ದೇ, ಹೆದರಬೇಕಾಗಿಲ್ಲ.

ಪ್ರಶ್ನೆ: ನನ್ನ ಹಾಸ್ಟೆಲಿನಲ್ಲಿ ನೈಜೀರಿಯಾದ ಲೇಗೋಸಿನ ಒಬ್ಬನೂ ಘಾನಾದ ಅಕ್ರಾದ ಒಬ್ಬನೂ ಇದ್ದಾರೆ. ಜೊಲೊಫ್ ರೈಸ್ ಎಂಬ ಟೊಮ್ಯಾಟೊ ಅನ್ನದ ವಿಷಯ ಬಂದರೆ ಜಗಳ. ಯಾರದು ಮೇಲು? (ಮೈಸೂರಿನಿಂದ ಲಂಡನ್ನಿಗೆ ಓದಲು ಹೋಗಿರುವ ವಿದ್ಯಾರ್ಥಿ)

ಉತ್ತರ: ಇಬ್ಬರ ಎದುರಿಗೂ ಸೆನೆಗಲ್ಲಿನದು ಎನ್ನಿ, ಜಗಳ ನಿಮ್ಮ ಕಡೆ ತಿರುಗಿ ಅವರಿಬ್ಬರೂ ಒಂದಾಗುತ್ತಾರೆ. ಹಾಗೆನ್ನಲು ಆಧಾರವೂ ಇದೆ. ಸೆನೆಗಲ್ ಪ್ರದೇಶದಲ್ಲಿದ್ದ ಜೊಲೊಫ್ ರಾಜ್ಯದಿಂದಲೇ ಈ ಹೆಸರು ಬಂದದ್ದು, ಅಲ್ಲಿಯ ಮೀನು-ಅನ್ನದ ಅಡುಗೆಯಾದ ಚೆಬು ಜೆನ್ ಅನ್ನು ಯುನೆಸ್ಕೊ 2021ರಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ನೈಜೀರಿಯಾದವರು ಸಾಮಾನ್ಯವಾಗಿ ಉದ್ದಕಾಳಿನ ಕುಸುಬಲಕ್ಕಿಯನ್ನು ಬಳಸುತ್ತಾರೆ, ಘಾನಾದವರು ಪರಿಮಳದ ಅಕ್ಕಿಯನ್ನು. ಟೊಮ್ಯಾಟೊ, ದೊಡ್ಡ ಕೆಂಪು ಮೆಣಸಿನಕಾಯಿ, ಈರುಳ್ಳಿ, ಸ್ಕಾಚ್ ಬಾನೆಟ್ ಎಂಬ ಕುಳ್ಳ ಮೆಣಸಿನಕಾಯಿ, ಇವನ್ನು ರುಬ್ಬಿ ಎಣ್ಣೆ ಬಿಡುವವರೆಗೆ ಬಾಡಿಸಿ ಅಕ್ಕಿ ಹಾಕುವುದು ಇಬ್ಬರಿಗೂ ಸಮಾನ. ನಮ್ಮ ಟೊಮ್ಯಾಟೊ ಬಾತಿನ ನಾಲಿಗೆಗೆ ಎರಡೂ ಪರಕೀಯವಲ್ಲ. ನನ್ನ ಮಟ್ಟಿಗೆ, ತಳಹಿಡಿದು ಹೊಗೆಯ ವಾಸನೆ ಅನ್ನಕ್ಕೆಲ್ಲ ಏರಿದ ನೈಜೀರಿಯಾದ ಮದುವೆಮನೆ ಜೊಲೊಫೇ ಮೇಲು. ಮೈಸೂರಿನ ಕಲ್ಯಾಣಮಂಟಪದಲ್ಲಿ ಕಟ್ಟಿಗೆ ಒಲೆಯ ಬಿಸಿಬೇಳೆಬಾತಿನ ತಳ ಕೆರೆದು ಹಾಕಿಸಿಕೊಂಡವರಿಗೆ ಕಾರಣ ಹೇಳಬೇಕಾಗಿಲ್ಲ. ಸ್ಕಾಚ್ ಬಾನೆಟ್ ವಿಷಯದಲ್ಲಿ ಮಾತ್ರ ಹುಷಾರು. ಬ್ಯಾಡಗಿ ಬಣ್ಣ ಕೊಟ್ಟು ಸುಮ್ಮನಾಗುತ್ತದೆ. ಇದು ಹಣ್ಣಿನ ಪರಿಮಳ ತೋರಿಸಿ, ಆಮೇಲೆ ಕಿವಿಯ ತನಕ ಉರಿಸುತ್ತದೆ.

ಪ್ರಶ್ನೆ: ನಾವು ಮಂಗಳೂರಿನವರು, ಮೀನು ಮಾಂಸ ಎಲ್ಲ ತಿನ್ನುತ್ತೇವೆ. ದನದ ಮಾಂಸ ಮಾತ್ರ ಬೇಡ. ಪಟ್ಟಿಯಲ್ಲಿ ಏನನ್ನು ಹುಡುಕಬೇಕು, ಏನನ್ನು ಬಿಡಬೇಕು?

ಉತ್ತರ: ಹೆಸರಿನಲ್ಲಿ ಹೇಳದಿದ್ದರೆ ಅದು ದನದ್ದೆಂದೇ ಎಣಿಸಿ ಕೇಳಿಕೊಳ್ಳಿ. ಎಗುಸಿಯಲ್ಲಿ, ಬೆಂಡೆಕಾಯಿ ಸಾರಿನಲ್ಲಿ ದನದ ಮಾಂಸ, ಕರುಳು, ಬೇಯಿಸಿದ ಚರ್ಮ ಇರುವುದು ಸಾಮಾನ್ಯ. ಸುಯಾ ಎಂಬ, ಉತ್ತರ ನೈಜೀರಿಯಾದ ಹೌಸಾ ಜನರ ಕೆಂಡದ ತಿಂಡಿಯೂ ಮೂಲತಃ ದನದ್ದೇ, ಆದರೆ ಕೋಳಿಯದೂ ಸಿಗುತ್ತದೆ. ತೆಳ್ಳಗೆ ಹೆಚ್ಚಿದ ಮಾಂಸವನ್ನು ಕಡ್ಡಿಗೆ ಸಿಕ್ಕಿಸಿ, ಎಣ್ಣೆ ಹಿಂಡಿದ ಕಡಲೆಕಾಯಿಯ ಹಿಂಡಿ, ಒಣಶುಂಠಿ, ಮೆಣಸಿನ ಪುಡಿ ಸೇರಿದ ಯಾಜಿ ಎಂಬ ಪುಡಿಯಲ್ಲಿ ಹೊರಳಿಸಿ ಸುಡುತ್ತಾರೆ, ಹಸಿ ಈರುಳ್ಳಿಯ ಜೊತೆ ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ಆ ಪುಡಿಯನ್ನು ಬೆರಳಿಗೆ ಒತ್ತಿಕೊಂಡು ನೆಕ್ಕಿದಾಗ ನನಗೆ ನೆನಪಾದದ್ದು ಶೇಂಗಾ ಚಟ್ನಿಪುಡಿ. ಪಬ್ಬಿನಲ್ಲಿ ಬಿಯರಿಗೆ ಇದಕ್ಕಿಂತ ಒಳ್ಳೆಯ ಜೊತೆ ಇಲ್ಲವೆಂದು ಬಲ್ಲವರು ಹೇಳುತ್ತಾರೆ. ಕಡಲೆಕಾಯಿ ಅಲರ್ಜಿ ಇರುವವರು ಅದರ ಹತ್ತಿರವೂ ಹೋಗಬಾರದು. ನಿಮ್ಮ ಊರಿನವರಿಗೆ ನಾನು ಹೇಳುವುದು ಪೆಪ್ಪರ್ ಸೂಪ್, ಅದರಲ್ಲೂ ಮೀನಿನದು. ಜಾಯಿಕಾಯಿಯನ್ನು ಹೋಲುವ ಒಂದು ಕಾಡುಬೀಜದ ಪರಿಮಳವಿರುವ ತೆಳುಸಾರು, ನೆಗಡಿಯಾದ ದಿನ ಕುಡಿಯಬೇಕು. ಮೇಕೆ ಮಾಂಸದ್ದೂ ಚೆನ್ನ.

ಪ್ರಶ್ನೆ: 1970ರ ದಶಕದಲ್ಲಿ ಬರ್ಮಿಂಗ್‌ಹ್ಯಾಮ್ ಬಳಿಯ ಕಾರ್ಖಾನೆಯಲ್ಲಿ ಮೂರು ವರ್ಷ ಕೆಲಸ ಮಾಡಿದ್ದೆ. ಆಗ ಪಬ್ಬಿನಲ್ಲಿ ಸಿಗುತ್ತಿದ್ದುದು ಆಲೂಗಡ್ಡೆ ಚಿಪ್ಸಿನ ಪೊಟ್ಟಣ, ಉಪ್ಪಿನಕಾಯಿ ಹಾಕಿದ ಮೊಟ್ಟೆ. ನಮ್ಮಂಥವರು ಒಳಗೆ ಹೋದರೆ ಮಾತು ನಿಲ್ಲುತ್ತಿತ್ತು. ಅದೇ ಪಬ್ಬಿನಲ್ಲಿ ಆಫ್ರಿಕಾದ ಊಟವೆಂದರೆ ನಂಬುವುದು ಕಷ್ಟ. ಇದಾದದ್ದು ಹೇಗೆ? (ಬೆಂಗಳೂರಿನ ಹಿರಿಯ ಓದುಗರು)

ಉತ್ತರ: ನೀವು ಹೇಳಿದ ಮೌನ ನಿಮ್ಮ ಕಲ್ಪನೆಯಲ್ಲ. ನಿಮ್ಮ ಕಾರ್ಖಾನೆಯ ನೆರೆಯ ಸ್ಮೆತಿಕ್ ಊರಿನ ಪಬ್ಬುಗಳು ಕರಿಯರನ್ನೂ ನಮ್ಮವರನ್ನೂ ಬೇರೆ ಕೋಣೆಯಲ್ಲಿ ಕೂರಿಸುತ್ತಿದ್ದವು, ಇಲ್ಲವೇ ಬಾಗಿಲಲ್ಲೇ ತಡೆಯುತ್ತಿದ್ದವು. ಅಮೆರಿಕದ ಕರಿಯರ ಹಕ್ಕುಗಳ ಹೋರಾಟಗಾರ ಮಾಲ್ಕಮ್ ಎಕ್ಸ್ 1965ರ ಫೆಬ್ರವರಿಯಲ್ಲಿ ಆ ಊರಿಗೆ ಬಂದು ಅದನ್ನು ಕಣ್ಣಾರೆ ಕಂಡರು, ಅದಾದ ಒಂಬತ್ತೇ ದಿನಕ್ಕೆ ನ್ಯೂಯಾರ್ಕಿನಲ್ಲಿ ಅವರ ಕೊಲೆಯಾಯಿತು. ಪಬ್ಬಿನಂಥ ಸಾರ್ವಜನಿಕ ಜಾಗಗಳಲ್ಲಿ ಬಣ್ಣದ ಕಾರಣಕ್ಕೆ ಭೇದ ಮಾಡುವುದನ್ನು ಬ್ರಿಟನ್ನಿನ ಕಾನೂನು ನಿಷೇಧಿಸಿದ್ದು ಅದೇ ವರ್ಷದ ಕೊನೆಯಲ್ಲಿ. ಕಾನೂನು ಬಂದರೂ ನೋಟ ಬದಲಾಗಲಿಲ್ಲವೆಂಬುದಕ್ಕೆ ನಿಮ್ಮ ಪತ್ರವೇ ಸಾಕ್ಷಿ. ಆ ಸೀಮೆಯ ಎರಕದ ಕಾರ್ಖಾನೆಗಳಲ್ಲಿ ಬೆಂದ ಪಂಜಾಬಿಗಳು ಕ್ರಮೇಣ ಪಬ್ಬುಗಳನ್ನೇ ವಹಿಸಿಕೊಂಡು, ಕೆಂಡದ ಮೇಲೆ ಕೋಳಿ, ಕುರಿ ಸುಟ್ಟು ಕೊಡತೊಡಗಿದರು. ಇಂದು ಅವಕ್ಕೆ ದೇಸಿ ಪಬ್ಬುಗಳೆಂದೇ ಹೆಸರು, ಬಿಳಿಯರೂ ಸಾಲುಗಟ್ಟಿ ಹೋಗುತ್ತಾರೆ.

ಲಂಡನ್ನಿನಲ್ಲಿ ನಡೆದದ್ದೂ ಇದರ ಇನ್ನೊಂದು ರೂಪ. ಪೆಕಮ್‌ನ ರೈ ಲೇನ್ ಎಂಬ ಬೀದಿಯಲ್ಲಿ ಒಮ್ಮೆ ನಡೆದರೆ ಯಾಮ್, ಬಾಳೆ, ಗ್ಯಾರಿ, ಒಣಮೀನುಗಳ ಅಂಗಡಿಗಳನ್ನು ಎಣಿಸಿ ಮುಗಿಸಲಾಗದು. ಬಡಾವಣೆಗೆ 'ಪುಟ್ಟ ಲೇಗೋಸ್' ಎಂಬ ಅಡ್ಡಹೆಸರು ಸುಮ್ಮನೆ ಬಂದಿಲ್ಲ. ಅನೇಕ ಪಬ್ಬುಗಳು ದೊಡ್ಡ ಕಂಪನಿಗಳ ಸ್ವತ್ತು. ಗೇಣಿಗೆ ಹಿಡಿದವರು ಬಿಯರನ್ನು ಆ ಕಂಪನಿಯಿಂದ, ಅದು ಹೇಳಿದ ಬೆಲೆಗೇ ಕೊಳ್ಳಬೇಕಾಗಿರುವುದರಿಂದ ಕುಡಿತದಲ್ಲಿ ಉಳಿಯುವ ಲಾಭ ಸಣ್ಣದು. ಖಾಲಿ ಬಿದ್ದಿರುವ ಅಡುಗೆಮನೆಯನ್ನು ಊರಿನ ಯಾರಾದರೂ ಒಳ್ಳೆಯ ಕೈಯವರಿಗೆ ಕೊಟ್ಟರೆ ಬಾಡಿಗೆಯೂ ಬಂತು, ಊಟಕ್ಕೆ ಬಂದವರು ಕುಡಿದದ್ದೂ ಬಂತು. ಅಡುಗೆಯವರಿಗೂ ಸ್ವಂತ ಹೋಟೆಲಿನ ಮುಂಗಡ, ಮೇಜು ಕುರ್ಚಿಗಳ ಖರ್ಚಿಲ್ಲ. ಪಬ್ಬಿನ ಮಾಲೀಕತ್ವವೂ ಕೆಲವೆಡೆ ಬದಲಾಗಿದೆ. ನೈಜೀರಿಯಾ ಮೂಲದ ಕ್ಲೆಮೆಂಟ್ ಒಗ್ಬೊನಾಯಾ 2017ರಲ್ಲಿ ತೆರೆದ ಪ್ರಿನ್ಸ್ ಆಫ್ ಪೆಕಮ್ ಅದಕ್ಕೆ ಹೆಸರಾದ ಉದಾಹರಣೆ. ಅಲ್ಲಿ ಜನ ಮುಗಿಬೀಳುವುದು ಕೆರಿಬಿಯನ್ ಬಗೆಯ ಕೋಳಿಗೆ, ಎಗುಸಿಗಲ್ಲ ಎಂಬುದನ್ನು ತಿಳಿದು ಹೋಗಿ. ಇದೇ ಅಡುಗೆ ಬಿಳಿ ಮೇಜುಬಟ್ಟೆಯ ಮೇಲೂ ಏರಿದೆ. 2024ರಲ್ಲಿ ಅಡೆಜೋಕೆ ಬಾಕರೆಯವರ ಚಿಶುರು ಹೋಟೆಲಿಗೆ, ಉತ್ತಮ ಅಡುಗೆಗೆ ಕೊಡುವ ಮಿಶೆಲಿನ್ ತಾರೆ ಬಂತು, ಬ್ರಿಟನ್ನಿನಲ್ಲಿ ಅದನ್ನು ಪಡೆದ ಮೊದಲ ಕಪ್ಪು ಮಹಿಳೆ ಅವರು. ನನಗೆ ಮಾತ್ರ ಎಬಾವನ್ನು ಸವೆದ ಕಾರ್ಪೆಟ್ಟಿನ ಮೇಲೆ ಕೂತು ನುಂಗುವುದೇ ಹೆಚ್ಚು ಇಷ್ಟ.

ಪ್ರಶ್ನೆ: ಊಟದ ಜೊತೆಗೆ ಏನು ಕುಡಿಯಬೇಕು? ಮದ್ಯವಲ್ಲದ್ದು ಏನಿದೆ? (ಕಲಬುರಗಿಯ ಓದುಗರು)

ಉತ್ತರ: ಕಲಬುರಗಿಯವರಿಗೆ ಜೋಬೋ ಬಿಟ್ಟು ಬೇರೇನನ್ನು ಹೇಳಲಿ? ನಿಮ್ಮ ಪುಂಡಿಪಲ್ಯದ ಗಿಡದ ಬಳಗದ್ದೇ ಒಂದು ಗಿಡದಲ್ಲಿ, ಹೂವು ಉದುರಿದ ಮೇಲೆ ಕಾಯಿಯ ಸುತ್ತ ಉಳಿಯುವ ದಪ್ಪ ಕೆಂಪು ಎಸಳುಗಳನ್ನು ಒಣಗಿಸಿ, ಶುಂಠಿ ಲವಂಗದೊಡನೆ ಕುದಿಸಿ ತಣಿಸಿದ ಪಾನಕವದು. ಘಾನಾದವರು ಸೊಬೊಲೊ ಎನ್ನುತ್ತಾರೆ. ಪುಂಡಿಯ ಹುಳಿ ನಾಲಿಗೆಗೆ ಕೂಡಲೇ ಗುರುತು ಸಿಗುತ್ತದೆ. ಮಾಲ್ಟ್ ಎಂದು ಬಾಟಲಿಯಲ್ಲಿ ಬರುವ ಕಪ್ಪು ಪಾನೀಯದಲ್ಲೂ ಅಮಲಿಲ್ಲ, ಬೆಲ್ಲದ ನೀರಿನಷ್ಟು ಸಿಹಿ. ಕುಡಿಯುವವರಿಗೆ ಒಂದೇ ಎಚ್ಚರಿಕೆ. ಗಿನ್ನೆಸ್ ಎಂಬ ಕಪ್ಪು ಬಿಯರನ್ನು ಕೇಳಿದಾಗ ನಲ್ಲಿಯಿಂದ ಬರುವುದರಲ್ಲಿ ಮದ್ಯಸಾರ ಸುಮಾರು ಶೇ 4, ನೈಜೀರಿಯಾದವರು ಬಯಸಿ ಕೊಳ್ಳುವ ಫಾರಿನ್ ಎಕ್ಸ್‌ಟ್ರಾ ಬಾಟಲಿಯಲ್ಲಿ ಶೇ 7.5. ಐರ್ಲೆಂಡಿನ ಆ ಕಂಪನಿ 1960ರ ದಶಕದ ಆರಂಭದಲ್ಲೇ ಲೇಗೋಸಿನ ಇಕೆಜಾದಲ್ಲಿ ಭಟ್ಟಿ ಹಾಕಿತ್ತು, ಹಾಗಾಗಿ ಅವರಿಗೆ ಅದು ಪರದೇಶದ ಪಾನೀಯವೇ ಅಲ್ಲ.

ಪ್ರಶ್ನೆ: ಪಬ್ಬಿನಲ್ಲಿ ತಿಂದ ಎಬಾವನ್ನು ಮನೆಯಲ್ಲಿ ಮಾಡಲು ಹೋಗಿ ಗಂಟುಗಂಟಾಯಿತು. ಎಲ್ಲಿ ತಪ್ಪಿದೆ? (ಲೂಯಿಶಮ್‌ನಲ್ಲಿರುವ ಶಿವಮೊಗ್ಗದ ಓದುಗರು)

ಉತ್ತರ: ರಾಗಿಮುದ್ದೆಯ ಹಾಗೆ ಒಲೆಯ ಮೇಲಿಟ್ಟು ತಿರುವಿದಿರೆಂದು ಕಾಣುತ್ತದೆ. ಗ್ಯಾರಿ ಆಗಲೇ ಹುರಿದು ಬೆಂದಿರುವುದರಿಂದ ಒಲೆ ಬೇಡ. ಅಗಲ ಬಟ್ಟಲಿಗೆ ಕುದಿಯುವ ನೀರನ್ನು ಮೊದಲು ಹಾಕಿ, ಆ ನೀರಿನ ಮೇಲೆ ಗ್ಯಾರಿಯನ್ನು ಮಳೆ ಉದುರಿದಂತೆ ಉದುರಿಸುತ್ತ ಹೋಗಿ, ನೀರು ಕಾಣದಷ್ಟಾದಾಗ ನಿಲ್ಲಿಸಿ. ಕಲಕಬೇಡಿ. ತಟ್ಟೆ ಮುಚ್ಚಿ ಎರಡು ಮೂರು ನಿಮಿಷ ಬಿಡಿ. ಆಮೇಲೆ ಒದ್ದೆ ಮಾಡಿದ ಮರದ ಸೌಟಿನಿಂದ ಬಟ್ಟಲಿನ ಗೋಡೆಗೆ ಒತ್ತಿ ಒತ್ತಿ ತಿರುವಿದರೆ ಗಂಟಿಲ್ಲದೆ ಕೂಡಿಕೊಳ್ಳುತ್ತದೆ. ಗಟ್ಟಿಯೆನಿಸಿದರೆ ಬಿಸಿನೀರನ್ನು ಚಮಚ ಚಮಚವಾಗಿ ಸೇರಿಸಿ, ತಣ್ಣೀರನ್ನಲ್ಲ. ಎಗುಸಿ ಸಿಗದಿದ್ದರೆ ಬಸ್ಸಾರಿನ ಜೊತೆ ತಿಂದು ನೋಡಿ, ನಮ್ಮ ಮನೆಯಲ್ಲಿ ಈಗ ಹಾಗೆಯೇ ನಡೆಯುತ್ತಿದೆ.